ಸೋಯಾ ಬಿಟ್ಟ ಮೇಲೆ ತಟ್ಟೆಯ ಲೆಕ್ಕ: ಮುಂಬೈ, ಪುಣೆ, ಗೋವಾದ ಅಡುಗೆಮನೆಗಳಿಗೆ

ಒಣ ಸೋಯಾ ವಡಿ 30 ಗ್ರಾಂ, ಅಂದರೆ ಸುಮಾರು ಒಂದು ಮುಷ್ಟಿ, ಬಿಸಿನೀರಲ್ಲಿ ನೆನೆಸಿ ಹಿಂಡಿ ಪಲ್ಯಕ್ಕೆ ಹಾಕಿದರೆ 15 ಗ್ರಾಂ ಪ್ರೊಟೀನ್ ಸಿಗುತ್ತದೆ. ಅದರ ಬದಲು ಅಷ್ಟೇ ತೂಕದ ತೊಗರಿಬೇಳೆ ಬೇಯಿಸಿದರೆ ಸಿಗುವುದು ಆರೂವರೆ ಗ್ರಾಂ. ಸೋಯಾ ಬಿಟ್ಟವರು ಎಡವುವುದು ಇಲ್ಲೇ. ವಡಿ ಹೋಯಿತು, ಬೇಳೆ ಬಂತು, ಲೆಕ್ಕ ಸರಿಹೋಯಿತು ಅಂದುಕೊಳ್ಳುತ್ತಾರೆ. ಅರ್ಧಕ್ಕಿಂತ ಹೆಚ್ಚು ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ.

ಇನ್ನೊಂದು ತೊಡಕು ಊರಿನದು. ದೇಶದಲ್ಲಿ ಸೋಯಾಬೀನ್ ಹೆಚ್ಚು ಬೆಳೆಯುವ ರಾಜ್ಯಗಳಲ್ಲಿ ಮಧ್ಯಪ್ರದೇಶದ ಜೊತೆ ಮಹಾರಾಷ್ಟ್ರವೂ ಮುಂಚೂಣಿಯಲ್ಲಿದೆ. ಲಾತೂರಿನ ಕಡೆಯ ಕಾಳು ಎಣ್ಣೆಯಾಗಿ, ಹಿಟ್ಟಾಗಿ, ವಡಿಯಾಗಿ ಇಲ್ಲಿನ ಕಿರಾಣಿ ಅಂಗಡಿ, ಬೇಕರಿ, ಗಿರಣಿ, ಮೆಸ್‌ಗಳಿಗೆಲ್ಲ ಬರುತ್ತದೆ. ಕರ್ನಾಟಕದ ಊರಲ್ಲಿದ್ದಾಗ ಕಣ್ಣಿಗೆ ಬೀಳದಿದ್ದ ಸೋಯಾ ಇಲ್ಲಿ ದಿನಕ್ಕೆ ಮೂರು ಕಡೆ ಎದುರಾಗಬಹುದು.

ಮೊದಲು: ಯಾಕೆ ಬಿಡುತ್ತಿದ್ದೀರಿ?

ಎಷ್ಟು ಬಿಗಿಯಾಗಿ ಬಿಡಬೇಕು ಎಂಬುದು ಇದರ ಮೇಲೆಯೇ ನಿಂತಿದೆ.

ಅಲರ್ಜಿ ಇದ್ದರೆ ಪೂರ್ತಿ ಬಿಗಿ. ತಿಂದ ಸ್ವಲ್ಪ ಹೊತ್ತಿಗೆ ಮೈಮೇಲೆ ದದ್ದು, ತುಟಿ ಊತ, ವಾಂತಿ, ಉಸಿರು ಕಟ್ಟಿದಂತಾಗುವುದು ಇವು ಲಕ್ಷಣ. ಉಸಿರಿನ ತೊಂದರೆ ಕಂಡರೆ ಮನೆಮದ್ದು ಮಾಡುತ್ತ ಕೂರದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಸೋಯಾದಂತೆ ಶೇಂಗಾ, ಕಡಲೆ, ಬಟಾಣಿಯೂ ದ್ವಿದಳ ಧಾನ್ಯಗಳೇ. ಸೋಯಾ ಅಲರ್ಜಿಯ ಬಹುತೇಕರಿಗೆ ಉಳಿದ ಕಾಳುಗಳು ಒಗ್ಗುತ್ತವೆ. ಆದರೂ ಅದನ್ನು ವೈದ್ಯರ ಬಳಿ ಖಚಿತ ಮಾಡಿಕೊಳ್ಳಿ, ಎಲ್ಲವನ್ನೂ ಒಟ್ಟಿಗೆ ಬಿಡಬೇಡಿ. ಬಿಟ್ಟರೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ.

ಥೈರಾಯ್ಡ್ ಮಾತ್ರೆ (ಲೆವೊಥೈರಾಕ್ಸಿನ್) ತೆಗೆದುಕೊಳ್ಳುವವರಿಗೆ ಸಮಸ್ಯೆ ಬೇರೆ. ಸೋಯಾ ಆ ಮಾತ್ರೆ ಕರುಳಲ್ಲಿ ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ, ಸೋಯಾ ತಿನ್ನುವುದಿದ್ದರೆ ನಾಲ್ಕು ಗಂಟೆ ಅಂತರ ಬಿಟ್ಟರೆ ಸಾಮಾನ್ಯವಾಗಿ ಸಾಕು. ಪೂರ್ತಿ ಬಿಡಲೇಬೇಕೆಂದಿಲ್ಲ. ಬಿಡುವುದಾದರೆ ಅಥವಾ ಹೊಸದಾಗಿ ಶುರು ಮಾಡುವುದಾದರೆ ವೈದ್ಯರಿಗೆ ಹೇಳಿ, ಮಾತ್ರೆಯ ಪ್ರಮಾಣ ಬದಲಾಗಬಹುದು.

ಹೊಟ್ಟೆ ಉಬ್ಬರ, ಅಥವಾ ಆ ವಾಸನೆಯೇ ಆಗದು ಅನ್ನುವವರು ವಡಿ, ತೋಫು, ಸೋಯಾ ಹಾಲು ಬಿಟ್ಟರೆ ಮುಗಿಯಿತು. ಚಾಕೊಲೇಟಿನ ಲೆಸಿಥಿನ್ (ಎಣ್ಣೆ-ನೀರು ಬೆರೆಯಲು ಹಾಕುವ ವಸ್ತು, ಸೋಯಾದಿಂದಲೂ ತೆಗೆಯುತ್ತಾರೆ) ಹುಡುಕುತ್ತ ಅಲೆಯಬೇಕಾಗಿಲ್ಲ.

ಇನ್ನು ಜಿಮ್‌ಗಳಲ್ಲಿ ಹರಿದಾಡುವ ಮಾತು: ಸೋಯಾ ತಿಂದರೆ ಗಂಡಸರ ಹಾರ್ಮೋನು ಕೆಡುತ್ತದೆ ಎಂಬುದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಗಂಡಸರ ಟೆಸ್ಟೋಸ್ಟಿರೋನ್‌ನಲ್ಲಿ ಅಂಥ ಬದಲಾವಣೆ ಕಂಡಿಲ್ಲ. ಇದೊಂದೇ ಕಾರಣಕ್ಕೆ ಬಿಡುತ್ತಿದ್ದರೆ ಬಿಡುವ ತುರ್ತೇನಿಲ್ಲ.

ನಿಮ್ಮ ಅಂಕಿ ಯಾವುದು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಶಿಫಾರಸು: ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೊಟೀನ್. 60 ಕಿಲೋ ತೂಗುವವರಿಗೆ 50 ಗ್ರಾಂ. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಭಾರ ಎತ್ತುವ ವ್ಯಾಯಾಮ ಮಾಡುವವರಿಗೆ ಇನ್ನೂ ಹೆಚ್ಚು ಬೇಕು. ಕಿಡ್ನಿ ತೊಂದರೆ ಇರುವವರು ಈ ಲೇಖನದ ಲೆಕ್ಕ ಹಿಡಿಯಬೇಡಿ, ನಿಮ್ಮ ಮಿತಿಯನ್ನು ವೈದ್ಯರೇ ಹೇಳಬೇಕು.

ಈಗ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವ ಒಬ್ಬರ ಸಾಧಾರಣ ದಿನ ನೋಡಿ. ಬೆಳಗ್ಗೆ ಬರೀ ಕಾಂದಾ ಪೋಹೆ, 50 ಗ್ರಾಂ ಅವಲಕ್ಕಿಯಿಂದ ಮೂರೂವರೆ ಗ್ರಾಂ. ಡಬ್ಬಿಯಲ್ಲಿ ಮೂರು ಚಪಾತಿ, ಆಲೂಗಡ್ಡೆ ಪಲ್ಯ: 12. ಸಂಜೆ ಚಹಾ, ಬಿಸ್ಕೆಟ್: 2. ರಾತ್ರಿ ಅನ್ನ, ತೆಳು ಸಾರು: ಏಳೂವರೆ. ಒಟ್ಟು 25. ಹೊಟ್ಟೆ ತುಂಬಿದೆ, ಪ್ರೊಟೀನ್ ಅರ್ಧ. ವಾರಕ್ಕೆ ಮೂರು ಸಲ ಸೋಯಾ ವಡಿ ಮುಚ್ಚಿಡುತ್ತಿದ್ದುದು ಈ ತೂತನ್ನೇ.

ಅದೇ ದಿನವನ್ನು ಹೀಗೆ ತಿದ್ದಿ. ಪೋಹೆಗೆ 25 ಗ್ರಾಂ ಶೇಂಗಾ ಹಾಕಿದರೆ ಅದು ಒಂಬತ್ತೂವರೆ ಆಗುತ್ತದೆ. ಡಬ್ಬಿಗೆ ಆಲೂಗಡ್ಡೆ ಬದಲು 40 ಗ್ರಾಂ ಒಣ ಮಡಕಿ ಕಾಳಿನ ಉಸಳಿ, ಜೊತೆಗೆ ಒಂದು ವಾಟಿ ಮೊಸರು: ಚಪಾತಿ ಸೇರಿ 22. ಸಂಜೆ ಬಿಸ್ಕೆಟ್ ಬದಲು 30 ಗ್ರಾಂ ಹುರಿಗಡಲೆ: 6. ರಾತ್ರಿ 75 ಗ್ರಾಂ ಅಕ್ಕಿಯ ಅನ್ನ, 30 ಗ್ರಾಂ ಬೇಳೆಯ ಗಟ್ಟಿ ತೊವ್ವೆ, ಮಜ್ಜಿಗೆ: 13. ಒಟ್ಟು ಐವತ್ತೂವರೆ. ಮೊಟ್ಟೆ ಇಲ್ಲ, ಪನೀರ್ ಇಲ್ಲ, ಪೌಡರ್ ಇಲ್ಲ.

ಇದು ಸಾಧ್ಯವಾಗಲು ಬೇಕಾದದ್ದು ಅಡುಗೆಮನೆಯ ಒಂದು ಡಿಜಿಟಲ್ ತಕ್ಕಡಿ, ಅದೂ ಮೊದಲ ಒಂದು ವಾರ ಮಾತ್ರ. ಕಾಳನ್ನು ಬೇಯಿಸುವ ಮುಂಚೆ, ಒಣಗಿದ್ದಾಗಲೇ ತೂಗಿ. ಬೆಂದ ಮೇಲೆ ತೂಗಿದರೆ ನೀರನ್ನೇ ಪ್ರೊಟೀನ್ ಎಂದು ಎಣಿಸಿದಂತೆ. ಮೊಳಕೆ ಕಾಳಿನಲ್ಲಿ ಈ ತಪ್ಪು ಹೆಚ್ಚು: 100 ಗ್ರಾಂ ಒಣ ಮಡಕಿ ಮೊಳೆತರೆ 250 ಗ್ರಾಂ ಹತ್ತಿರ ಆಗುತ್ತದೆ, ಒಳಗಿನ ಪ್ರೊಟೀನ್ ಮೊದಲಿನಷ್ಟೇ.

15 ಗ್ರಾಂ ಎಂದರೆ ಎಷ್ಟು

ಒಂದು ಮುಷ್ಟಿ ಸೋಯಾ ವಡಿಯ ಜಾಗ ತುಂಬಲು ಬೇಕಾಗುವ ಪ್ರಮಾಣಗಳಿವು. ಎಲ್ಲವೂ ಅಂದಾಜು. ಬೇಳೆಕಾಳು, ಕೋಳಿ, ಮೀನು ಹಸಿ ತೂಕದಲ್ಲಿ.

ತೊಗರಿ, ಕಡಲೆಬೇಳೆ, ಹುರುಳಿ: 70 ಗ್ರಾಂ
ಹೆಸರು, ಮಡಕಿ, ಚೆನ್ನಂಗಿ: 65 ಗ್ರಾಂ
ಕಾಬೂಲಿ ಕಡಲೆ, ಒಣ ಬಟಾಣಿ: 75 ಗ್ರಾಂ
ಶೇಂಗಾ: 60 ಗ್ರಾಂ
ಪನೀರ್: 80 ಗ್ರಾಂ
ಹಾಲು: 450 ಮಿಲಿ
ಮೊಟ್ಟೆ: ಎರಡೂವರೆ
ಕೋಳಿ, ಎಲುಬಿಲ್ಲದ್ದು: 70 ಗ್ರಾಂ
ಬಂಗಡೆ, ಬರೀ ಮಾಂಸ: 80 ಗ್ರಾಂ

ಶೇಂಗಾ ಅಗ್ಗ, ರುಚಿ, ಉತ್ತರ ಕರ್ನಾಟಕದವರಿಗಂತೂ ಮನೆಯ ಮಗ. ಆದರೆ ಆ 60 ಗ್ರಾಂ ಜೊತೆ 29 ಗ್ರಾಂ ಕೊಬ್ಬು, 340 ಕ್ಯಾಲೊರಿ ಬರುತ್ತದೆ. ಪನೀರ್ ಕಥೆಯೂ ಹೆಚ್ಚು ಕಡಿಮೆ ಅದೇ. ಪೂರ್ತಿ ಭಾರ ಒಂದರ ಮೇಲೇ ಹೊರಿಸದೆ ದಿನಕ್ಕೆ 25–30 ಗ್ರಾಂ ಶೇಂಗಾ ಚಟ್ನಿಪುಡಿಯಾಗಿಯೋ ಪೋಹೆಗೋ ಹೋಗಲಿ. ಉಳಿದದ್ದು ಕಾಳುಗಳಿಂದ ಬರಲಿ.

ಗುಣಮಟ್ಟದ ಮಾತೂ ಇದೆ. ಸೋಯಾದಲ್ಲಿ ದೇಹಕ್ಕೆ ಬೇಕಾದ ಅಮೈನೊ ಆಮ್ಲಗಳು ಹೆಚ್ಚುಕಮ್ಮಿ ಪೂರ್ತಿ ಇವೆ. ತೊಗರಿ, ಹೆಸರಿನಂಥ ಕಾಳುಗಳಲ್ಲಿ ಲೈಸಿನ್ ಸಮೃದ್ಧ, ಮೆಥಿಯೊನಿನ್ ಕಡಿಮೆ. ಅಕ್ಕಿ, ಗೋಧಿ, ಜೋಳದಲ್ಲಿ ಇದರ ತಿರುಗುಮುರುಗು. ಹಾಗಾಗಿ ಅನ್ನ-ತೊವ್ವೆ, ರೊಟ್ಟಿ-ಝುಣಕ, ಇಡ್ಲಿ ಹಿಟ್ಟಿನ ಅಕ್ಕಿ-ಉದ್ದು ಒಂದರ ಕೊರತೆ ಇನ್ನೊಂದು ತುಂಬುವ ಜೋಡಿಗಳು. ಒಂದೇ ಊಟದಲ್ಲಿ ಇರಬೇಕೆಂಬ ಕಟ್ಟುನಿಟ್ಟಿಲ್ಲ, ಒಂದೇ ದಿನದಲ್ಲಿ ಇದ್ದರಾಯಿತು. ಜೊತೆಗೆ ಹಾಲು, ಮೊಸರು ಅಥವಾ ಮೊಟ್ಟೆ ಇದ್ದರೆ ಈ ಚಿಂತೆಯೇ ಬೇಡ. ತೊಂದರೆ ಆಗುವುದು ಅನ್ನದ ರಾಶಿಗೆ ತಿಳಿಸಾರು ಹಾಕಿಕೊಳ್ಳುವವರಿಗೆ. ಜೋಡಿ ಸರಿ ಇದೆ, ಬೇಳೆಯೇ ಇಲ್ಲ.

ಕಿರಾಣಿ ಅಂಗಡಿಯಲ್ಲಿ ಕೇಳುವುದು

ಕಾಳು ಒಂದೇ, ಹೆಸರು ಬೇರೆ. ಮಡಕಿಗೆ ಮಟಕಿ, ಹೆಸರಿಗೆ ಮೂಗ್, ಅಲಸಂದೆಗೆ ಚವಳಿ, ಹುರುಳಿಗೆ ಕುಳೀಥ್ (ಪುಣೆಯ ಕಡೆ ಹುಲಗೆ ಅಂದರೂ ತಿಳಿಯುತ್ತದೆ), ಬಟಾಣಿಗೆ ವಾಟಾಣಾ, ಅಗಸೆಗೆ ಜವಸ್, ಗುರೆಳ್ಳಿಗೆ ಕಾರಳೆ, ಹುರಿಗಡಲೆಗೆ ಡಾಳೆ. ಗೋವಾದಲ್ಲಿ ಅಲಸಂದೆ ಅಂದರೆ ಸಾಕು, ಕೊಂಕಣಿಯಲ್ಲೂ ಹೆಚ್ಚುಕಮ್ಮಿ ಅದೇ ಹೆಸರು. ವಾಲ್ ಕೇಳಿದರೆ ಅವರೆಯ ಬಳಗದ ಕಾಳು ಕೊಡುತ್ತಾರೆ, ಆದರೆ ‘ಕಡವೆ ವಾಲ್’ ಕಹಿ. ಅದನ್ನು ಮೊಳಕೆ ಬರಿಸಿ ಸಿಪ್ಪೆ ಸುಲಿದೇ ಮಾಡಬೇಕು.

ಕೊಂಕಣದ ಸಾಮಾನು ಮಾರುವ ಅಂಗಡಿಗಳಲ್ಲಿ ಹುರಿದ ಹುರುಳಿಯ ಹಿಟ್ಟು ಕುಳೀಥ್ ಪೀಠ್ ಎಂದು ಸಿಗುತ್ತದೆ. ಕೆಲಸದಿಂದ ತಡವಾಗಿ ಬರುವವರಿಗೆ ಇದಕ್ಕಿಂತ ಅನುಕೂಲದ್ದು ಕಡಿಮೆ: ಬೆಳ್ಳುಳ್ಳಿ ಒಗ್ಗರಣೆಗೆ ನೀರು ಹಾಕಿ ಕುದಿಸಿ, 30 ಗ್ರಾಂ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಸುರಿದರೆ ಹತ್ತು ನಿಮಿಷಕ್ಕೆ ಪಿಠಲೆ. ಹಿಟ್ಟನ್ನು ಒಣದಾಗಿ ಕುದಿಯುವ ನೀರಿಗೆ ಸುರಿದರೆ ಗಂಟು ಗ್ಯಾರಂಟಿ.

ಮೊಳಕೆ ಕಟ್ಟುವಾಗ, ಬೇಯಿಸುವಾಗ

ಮಡಕಿಯನ್ನು ಮೂರು ಪಟ್ಟು ನೀರಲ್ಲಿ 8 ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಮುಂಬೈ ಸೆಖೆಗೆ 12 ಗಂಟೆ ಸಾಕು, ಪುಣೆಯ ಡಿಸೆಂಬರ್ ಚಳಿಗೆ ಒಂದು ದಿನ ಬೇಕು. ಮಳೆಗಾಲದಲ್ಲಿ ಲೋಳೆ ಬಂದು ಹುಳಿ ವಾಸನೆ ಹೊಡೆಯುವುದು ಯಾಕೆಂದರೆ ಬಟ್ಟೆಯೊಳಗೆ ನೀರು ನಿಂತಿರುತ್ತದೆ, ಗಾಳಿ ಆಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಬಿಟ್ಟು ಜರಡಿಯಲ್ಲಿ ಹರಡಿ, ದಿನಕ್ಕೆರಡು ಸಲ ತೊಳೆದು ಬಸಿಯಿರಿ. ಮೊಳಕೆ ಒಂದು ಸೆಂಟಿಮೀಟರ್ ಆದಕೂಡಲೇ ಫ್ರಿಜ್‌ಗೆ ಸೇರಿಸಿ. ಮೊಳಕೆ ಬಂದ ಮಡಕಿ ತೆರೆದ ಪಾತ್ರೆಯಲ್ಲೇ ಹತ್ತು-ಹನ್ನೆರಡು ನಿಮಿಷಕ್ಕೆ ಬೇಯುತ್ತದೆ. ಕುಕ್ಕರ್‌ಗೆ ಹಾಕಿದರೆ ಮುದ್ದೆ.

ರಾಜ್ಮಾದಲ್ಲಿ ಎಚ್ಚರ ಬೇಕು. ಎಂಟು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ. ಅರೆಬೆಂದ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಸ್ತು ಉಳಿದು ವಾಂತಿ-ಭೇದಿ ತರುತ್ತದೆ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಡುವ ಸ್ಲೋ ಕುಕ್ಕರ್ ಇದಕ್ಕೆ ಆಗದು, ಅದರ ಶಾಖ ಸಾಲದು. ಕಾಳು ಎಷ್ಟು ಸೀಟಿ ಕೊಟ್ಟರೂ ಬೇಯದಿದ್ದರೆ ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು: ವರ್ಷಗಳ ಹಳೆಯ ದಾಸ್ತಾನು, ಸೊಸೈಟಿಯ ಬೋರ್‌ವೆಲ್ಲಿನ ಗಡಸು ನೀರು, ಅಥವಾ ಮೊದಲೇ ಹಾಕಿದ ಹುಣಸೆ-ಟೊಮೇಟೊ. ಹುಳಿಯನ್ನು ಕಾಳು ಬೆಂದ ಮೇಲೆ ಹಾಕಿ. ನೀರು ಗಡಸಾದರೆ ಫಿಲ್ಟರ್ ನೀರಲ್ಲಿ ನೆನೆಸಿ. ಅಡುಗೆ ಸೋಡಾ ಬೇಗ ಬೇಯಿಸುತ್ತದೆ ನಿಜ, ಬಿ1 ಜೀವಸತ್ವವನ್ನೂ ಹಾಳು ಮಾಡುತ್ತದೆ.

ಸೋಯಾ ಬಿಟ್ಟ ಉತ್ಸಾಹದಲ್ಲಿ ಮರುದಿನದಿಂದಲೇ ಕಾಳು ದುಪ್ಪಟ್ಟು ಮಾಡಿದರೆ ಗ್ಯಾಸ್ ಆಗುತ್ತದೆ, ಕಾಳಿನ ಮೇಲೆ ಅಪವಾದ ಬರುತ್ತದೆ. ದಿನದ ಕಾಳನ್ನು ವಾರಕ್ಕೆ 15 ಗ್ರಾಂನಂತೆ ಏರಿಸಿ. ಸಿಪ್ಪೆ ತೆಗೆದ ಹೆಸರುಬೇಳೆಯಿಂದ ಶುರು ಮಾಡಿ, ರಾಜ್ಮಾ, ಕಾಬೂಲಿ ಕೊನೆಗೆ.

ಮೊಸರಿನಿಂದಲೂ ಲಾಭವಿದೆ. ಒಂದು ಕಿಲೋ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ಪಾತ್ರೆಯ ಮೇಲೆ ತೂಗುಹಾಕಿ ಫ್ರಿಜ್‌ನಲ್ಲಿ 6–8 ಗಂಟೆ ಇಟ್ಟರೆ ಸುಮಾರು 400 ಗ್ರಾಂ ಚಕ್ಕಾ. ಮೊಸರಿನ 100 ಗ್ರಾಂನಲ್ಲಿ ಮೂರು ಗ್ರಾಂ ಚಿಲ್ಲರೆ ಇದ್ದ ಪ್ರೊಟೀನ್ ಇದರಲ್ಲಿ ಎಂಟರ ಹತ್ತಿರ. ಸಕ್ಕರೆ ಹಾಕಿ ಶ್ರೀಖಂಡ ಮಾಡಿದರೆ ಲೆಕ್ಕ ಬೇರೆ. ಉಪ್ಪು, ಜೀರಿಗೆ, ಸೌತೆಕಾಯಿ ಹಾಕಿ ಚಪಾತಿಗೆ ಹಚ್ಚಿಕೊಳ್ಳಿ. ಇಳಿದ ನೀರಲ್ಲಿ ಹಿಟ್ಟು ಕಲಸಿ.

ಮೀನು ತಿನ್ನುವವರಿಗೆ ಈ ಕರಾವಳಿಯಲ್ಲಿ ಸೋಯಾದ ನೆನಪೇ ಬೇಡ. ಬಂಗಡೆ, ತಾರ್ಲಿ (ನಮ್ಮ ಭೂತಾಯಿ) ಅಗ್ಗದಲ್ಲಿ ಒಳ್ಳೆಯ ಪ್ರೊಟೀನ್. ಇಡೀ ಮೀನು ತೂಗಿಸಿ ಕೊಂಡರೆ ತಲೆ, ಕರುಳು, ಮುಳ್ಳು ಹೋಗಿ ಅರ್ಧದಷ್ಟು ಉಳಿಯುತ್ತದೆ ಎಂದು ಲೆಕ್ಕ ಹಿಡಿಯಿರಿ. ಹಸಿ ಬೊಂಬಿಲ್ (ಬಾಂಬೆ ಡಕ್ ಎಂಬ ಮೀನು) ರುಚಿಗೆ ಸರಿ, ಬಹುಪಾಲು ನೀರೇ ಆದ್ದರಿಂದ ಅದೇ ತೂಕದ ಬಂಗಡೆಗೆ ಸಮ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದು ತಾಜಾ ಮೀನು ತುಟ್ಟಿಯಾಗುತ್ತದೆ. ಗೋವಾದಲ್ಲಿ ಮೇ ತಿಂಗಳ ಪುರುಮೆಂತ್ ಸಂತೆಗಳಲ್ಲಿ ಜನ ಒಣಮೀನು ಕೊಂಡಿಡುವುದು ಇದಕ್ಕೇ. ಒಣ ಸಿಗಡಿ, ಒಣ ಬೊಂಬಿಲ್‌ನಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಪ್ರೊಟೀನೇ, ಸೋಯಾ ವಡಿಗೆ ಸರಿಸಾಟಿ. ಆದರೆ ಉಪ್ಪು ಹಾಕಿ ಒಣಗಿಸಿದ್ದನ್ನು ಬಿಸಿನೀರಲ್ಲಿ ನೆನೆಸಿ ಎರಡು ಸಲ ತೊಳೆದೇ ಬಳಸಿ. ರಕ್ತದೊತ್ತಡ ಇರುವವರು ರುಚಿಗಷ್ಟೇ.

ಅಡಗಿರುವ ಸೋಯಾ

ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಅದರ ಕೆಳಗೆ ಅಲರ್ಜಿ ಸೂಚನೆ: ‘ಕಂಟೇನ್ಸ್ ಸೋಯಾ’ ಅಥವಾ ‘ಮೇ ಕಂಟೇನ್ ಸೋಯಾ’. ಭಾರತದ ಲೇಬಲ್ ನಿಯಮದಲ್ಲಿ ಕಡ್ಡಾಯವಾಗಿ ಹೇಳಬೇಕಾದ ಅಲರ್ಜಿ ಪದಾರ್ಥಗಳಲ್ಲಿ ಸೋಯಾಬೀನ್ ಒಂದು. ಎರಡನ್ನೂ ಓದಿ. ಸೋಯಾ ಎಂಬ ಹೆಸರಿಲ್ಲದೆ ಬರುವುದು ಹೀಗೆ: ಟೆಕ್ಸ್ಚರ್ಡ್ ವೆಜಿಟೆಬಲ್ ಪ್ರೊಟೀನ್ ಅಥವಾ ಟಿವಿಪಿ, ಹೈಡ್ರೊಲೈಸ್ಡ್ ವೆಜಿಟೆಬಲ್ ಪ್ರೊಟೀನ್ ಅಥವಾ ಎಚ್‌ವಿಪಿ, ವೆಜಿಟೆಬಲ್ ಪ್ರೊಟೀನ್ ಐಸೊಲೇಟ್, ಎಮಲ್ಸಿಫೈಯರ್ 322. ಈ 322 ಲೆಸಿಥಿನ್. ಸೋಯಾದ್ದೂ ಆಗಬಹುದು, ಸೂರ್ಯಕಾಂತಿಯದೂ ಆಗಬಹುದು. ಮಲ್ಟಿಗ್ರೇನ್ ಆಟಾ, ಬ್ರೆಡ್, ಫ್ರೋಜನ್ ನಗೆಟ್, ಸಾಸೇಜ್, ಸೂಪ್ ಪುಡಿ, ಇನ್‌ಸ್ಟಂಟ್ ನೂಡಲ್ಸ್ ಮಸಾಲೆ, ಔಷಧಿ ಅಂಗಡಿಯಲ್ಲಿ ಸಿಗುವ ಪ್ರೊಟೀನ್ ಪುಡಿ ಇವನ್ನು ಮೊದಲು ನೋಡಿ. ವೇ ಪ್ರೊಟೀನ್ ಹಾಲಿನದೇ ಆದರೂ ನೀರಲ್ಲಿ ಬೇಗ ಕರಗಲೆಂದು ಸೋಯಾ ಲೆಸಿಥಿನ್ ಸೇರಿಸಿರುವುದುಂಟು.

ರಿಫೈನ್ಡ್ ಸೋಯಾ ಎಣ್ಣೆಯಲ್ಲಿ ಪ್ರೊಟೀನ್ ಉಳಿದಿರುವುದು ತೀರ ಅತ್ಯಲ್ಪ. ಅಲರ್ಜಿ ಇರುವ ಹೆಚ್ಚಿನವರಿಗೂ ಅದು ಏನೂ ಮಾಡುವುದಿಲ್ಲ, ಆದರೆ ಅದನ್ನು ನಿರ್ಧರಿಸಬೇಕಾದವರು ವೈದ್ಯರು. ಗಾಣದ ಸೋಯಾ ಎಣ್ಣೆ ಮಾತ್ರ ಬೇಡವೇ ಬೇಡ. ಅಲರ್ಜಿ ಇಲ್ಲದವರು ಎಣ್ಣೆಯ ಹಿಂದೆ ಬಿದ್ದರೆ ಹೊರಗೆ ವಡಾಪಾವ್ ಕೂಡ ತಿನ್ನಲಾಗದು, ಲಾಭವೂ ಇಲ್ಲ.

ಬಹಳ ಮಂದಿಗೆ ಹೊಳೆಯದ ಜಾಗ ಹಿಟ್ಟಿನ ಗಿರಣಿ. ಗೋಧಿಗೆ ಸೋಯಾ ಬೆರೆಸಿ ಬೀಸಿಸುವುದು ಇಲ್ಲಿ ರೂಢಿ. ನಿಮ್ಮ ಡಬ್ಬದಲ್ಲಿ ಬರೀ ಗೋಧಿ ಇದ್ದರೂ ಹಿಂದಿನವರ ಹಿಟ್ಟು ಕಲ್ಲಿನ ನಡುವೆ, ಕೊಳವೆಯಲ್ಲಿ ಉಳಿದು ನಿಮ್ಮದರೊಳಗೆ ಬರುತ್ತದೆ. ಅಲರ್ಜಿ ಇರುವ ಮನೆಯವರು ಬರೀ ಗೋಧಿ ಬೀಸಿದ ಬೆನ್ನಿಗೇ ಹಾಕಿಸಿ, ಮೊದಲ ಅರ್ಧ ಕಿಲೋ ಬೇರೆ ಚೀಲಕ್ಕೆ ಹಿಡಿಸಿ ಬೇರೆಯವರಿಗೆ ಕೊಟ್ಟುಬಿಡಿ. ಅಲರ್ಜಿ ತೀವ್ರವಾಗಿದ್ದರೆ ಇದೂ ಸಾಲದು, ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಳ್ಳಬೇಕು. ಸೋಯಾ ಬದಲು 5 ಕಿಲೋ ಗೋಧಿಗೆ ಅರ್ಧ ಕಿಲೋ ಕಡಲೆ ಸೇರಿಸಬಹುದು. ಪ್ರೊಟೀನ್ ಹೆಚ್ಚುವುದು 100 ಗ್ರಾಂಗೆ ಒಂದು ಗ್ರಾಂ ಒಳಗೇ, ಆದರೆ ಗೋಧಿಯ ಲೈಸಿನ್ ಕೊರತೆ ಸ್ವಲ್ಪ ನೀಗುತ್ತದೆ. ಇದಕ್ಕಿಂತ ಹೆಚ್ಚು ಹಾಕಿದರೆ ಚಪಾತಿ ಹರಿಯುತ್ತದೆ.

ಲಾದಿ ಪಾವ್‌ಗೆ, ಗೋವಾದ ಪೊದೆರ್ (ಬ್ರೆಡ್ ಮಾರುವವರು) ಸೈಕಲ್ ಮೇಲೆ ತರುವ ಪೊಯಿ ಬ್ರೆಡ್ಡಿಗೆ ಲೇಬಲ್ ಇರುವುದಿಲ್ಲ. ಕೆಲವು ಬೇಕರಿಗಳು ಬ್ರೆಡ್ ಮೆತ್ತಗಾಗಲೆಂದು ಸೋಯಾ ಹಿಟ್ಟಿರುವ ಇಂಪ್ರೂವರ್ ಬಳಸುತ್ತವೆ. ಒಂದೇ ಬೇಕರಿ ಹಿಡಿದು, ಕೇಳಿ, ಅಲ್ಲಿಂದಲೇ ತನ್ನಿ.

ಮೆಸ್ ಮತ್ತು ಹೋಟೆಲ್

ಪಿಜಿಯಲ್ಲಿದ್ದು ಮೆಸ್ ಊಟ ನಂಬಿಕೊಂಡವರಿಗೆ ಸೋಯಾ ವಡಿ ಪಲ್ಯದ ದಿನ ಬಿಟ್ಟರೆ ಉಳಿದ ದಿನಗಳ ದಾಲ್ ನೀರಿನಂತೆ ಇರುವುದೇ ನಿಜವಾದ ತಾಪತ್ರಯ. ಮೆಸ್‌ನವರ ಜೊತೆ ಜಗಳವಾಡಿ ಫಲವಿಲ್ಲ. ಕೋಣೆಯಲ್ಲಿ ಹುರಿಗಡಲೆ, ಶೇಂಗಾ ಚಟ್ನಿಪುಡಿ ಇಟ್ಟುಕೊಳ್ಳಿ, ಮೊಸರಿನ ಪ್ಯಾಕೆಟ್ ತನ್ನಿ, ತಿನ್ನುವವರಾದರೆ ಎಲೆಕ್ಟ್ರಿಕ್ ಕೆಟಲಿನಲ್ಲಿ ದಿನಕ್ಕೆರಡು ಮೊಟ್ಟೆ ಬೇಯಿಸಿಕೊಳ್ಳಿ. ಅಷ್ಟರಲ್ಲೇ ದಿನಕ್ಕೆ 20–25 ಗ್ರಾಂ ಕೂಡುತ್ತದೆ.

ಅಲರ್ಜಿ ಇದ್ದರೆ ಹೊರಗೆ ತಿನ್ನುವಾಗ ಚೈನೀಸ್ ಗಾಡಿಯನ್ನು ಪೂರ್ತಿ ಬಿಡಿ. ಮಂಚೂರಿ, ಹಕ್ಕಾ ನೂಡಲ್ಸ್, ಚಿಲ್ಲಿ ಚಿಕನ್ ಎಲ್ಲಕ್ಕೂ ಸೋಯಾ ಸಾಸ್ ಬೀಳುತ್ತದೆ, ಇಲ್ಲದ್ದನ್ನು ಕೇಳಿದರೂ ಕಡಾಯಿ ಅದೇ. ಅಗ್ಗದ ಖೀಮಾ ಪಾವ್, ಖೀಮಾ ಸಮೋಸಾದಲ್ಲಿ ಮಾಂಸದ ಜೊತೆ ಸೋಯಾ ಹರಳು ಬೆರೆತಿರಬಹುದು. ವೆಜ್ ಕಬಾಬ್, ‘ಚಾಪ್’ ಎಂಬ ಹೆಸರಿನ ತಿಂಡಿಗಳಲ್ಲೂ ಅಷ್ಟೇ. ಮಿಸಳ್‌ನ ಉಸಳಿ ಸಾಮಾನ್ಯವಾಗಿ ಬರೀ ಮಡಕಿಯದು, ಮೇಲೆ ಸುರಿಯುವ ಫರಸಾಣ್ ಯಾವುದರಿಂದ ಮಾಡಿದ್ದೋ ಕೇಳಬೇಕು.

ಎರಡು ಮರಾಠಿ ವಾಕ್ಯ ಬಾಯಿಪಾಠ ಇರಲಿ. ‘ಯಾತ ಸೋಯಾಬೀನ ಆಹೆ ಕಾ?’ ಇದರಲ್ಲಿ ಸೋಯಾಬೀನ್ ಇದೆಯಾ? ‘ಮಲಾ ಸೋಯಾಬೀನಚಿ ಅ‍ಲರ್ಜಿ ಆಹೆ’ ನನಗೆ ಸೋಯಾಬೀನ್ ಅಲರ್ಜಿ ಇದೆ. ಬರೀ ‘ಬೇಡ’ ಎಂದರೆ ಪಲ್ಯದಿಂದ ವಡಿ ಹೆಕ್ಕಿ ತೆಗೆದು ಅದೇ ರಸ ಬಡಿಸುವುದುಂಟು, ಅದಕ್ಕೇ ಎರಡನೆಯ ವಾಕ್ಯ. ಉತ್ತರ ‘ಮಾಹೀತ ನಾಹಿ’ ಎಂದು ಬಂದರೆ ಇದೆ ಎಂದೇ ತಿಳಿದು, ದಕ್ಷಿಣದ ಹೋಟೆಲುಗಳಿರುವ ಮುಂಬೈಯ ಮಾಟುಂಗದಲ್ಲಿದ್ದರೆ ಇಡ್ಲಿ, ಉಳಿದೆಡೆ ಬೇಯಿಸಿದ ಮೊಟ್ಟೆ ಅಥವಾ ಮೊಸರನ್ನಕ್ಕೆ ಹೇಳಿ.